ಮೂರು ಫೋನು, ಒಂದು ಕಾರ್ಡು

ಗುಂಡಜ್ಜಿ ಹಾಸಿಗೆಯ ಚಾದರ ಹಿಂಡುತ್ತಿದ್ದಾಗ ಫೋನು ಹೊಡೆದುಕೊಂಡಿತು. ಸೊಸೆಯದು. ಒದ್ದೆ ಕೈಯಲ್ಲೇ ಕಿವಿಗಿಟ್ಟಳು.

“ಅತ್ತೆ, ಕೆಲಸ ಕೆಟ್ಟೋಯ್ತು. ಸ್ಟೇಷನ್ ಗೇಟಲ್ಲಿ ಟಿಂಗ್ ಅಂದ್ಬಿಡ್ತು.”

“ರೈಲಿನ ಪಾಸು ಕೊಟ್ಟಿದ್ನಲ್ಲೇ!”

“ಪಾಸು ಫೋನಿನ ಕವರ್ ಒಳಗೇ ಇತ್ತು. ಗಡಿಬಿಡೀಲಿ ಹೊರಗೆ ತೆಗೀದೆ ಹಾಗೇ ಒತ್ತಿಬಿಟ್ಟೆ. ಗೇಟು ಪಾಸನ್ನ ಬಿಟ್ಟು ಫೋನಲ್ಲಿರೋ ಕಾರ್ಡಿಂದ ದುಡ್ಡು ಎಳ್ಕೊಂಡ್ತು. ಇವರಿಗೆ ಮೆಸೇಜು ಹೋಗೇ ಇರುತ್ತೆ.” ರೈಲಿನ ಸದ್ದಿನ ನಡುವೆ ಅವಳ ಉಸಿರು ಕೇಳಿಸುತ್ತಿತ್ತು. “ಇಳಿದು ವಾಪಸ್ ಬಂದ್ಬಿಡ್ಲಾ?”

“ಇಳಿದ್ರೆ ನೋಡು! ಸುಮ್ನೆ ಕೂತ್ಕೊ,” ಅಂದಳು ಗುಂಡಜ್ಜಿ.

ಪಾಸನ್ನು ಕವರಿನೊಳಗೆ ಅಡಗಿಸುವ ಉಪಾಯ ಅವಳದೇ. ಮಗ ದಿನಾ ಹೆಂಡತಿಯ ಪರ್ಸು ನೋಡುತ್ತಾನೆ, ಕೈಚೀಲ ನೋಡುತ್ತಾನೆ. ಫೋನಿನ ಬೆನ್ನು ಬಿಚ್ಚಿ ನೋಡುವವನಲ್ಲ. ಹಳೆಯ ಕಬ್ಬಿಣದ ಮಂಚವನ್ನು ಗುಜರಿಗೆ ಹಾಕಿ ಬಂದ ದುಡ್ಡಲ್ಲಿ ಪಾಸು ಕೊಂಡು, ಕೈಯಾರೆ ತುರುಕಿ, ನಮ್ಮಂಥ ಜಾಣರುಂಟೇ ಅಂತ ಅತ್ತೆ ಸೊಸೆ ಇಬ್ಬರೂ ನಕ್ಕಿದ್ದರು. ಅದೇ ಫೋನಿನ ಹೊಟ್ಟೆಯೊಳಗೆ ಕಾರ್ಡು ಕೂತಿದೆ ಅನ್ನುವುದು ಒಬ್ಬರ ತಲೆಗೂ ಹೊಳೆಯಲಿಲ್ಲ ನೋಡಿ.

ಆ ಮನೆಯಲ್ಲಿ ಫೋನು ಮೂರು, ಕಾರ್ಡು ಒಂದು. ಕಾರ್ಡು ಮಗನದು. ಪೇಟೆಯಲ್ಲಿ ಅವನದು ಕನ್ನಡಕದ ಅಂಗಡಿ. ಒಂದು ಸಂಜೆ ತಾಯಿಯದೂ ಹೆಂಡತಿಯದೂ ಫೋನು ಕೇಳಿ ತೆಗೆದುಕೊಂಡು, ಎರಡಕ್ಕೂ ತನ್ನ ಕಾರ್ಡನ್ನು ಸೇರಿಸಿ, “ಇನ್ಮೇಲೆ ನೀವಿಬ್ರೂ ನನ್ನ ಮುಂದೆ ಕೈ ಚಾಚೋ ಹಾಗಿಲ್ಲ, ಬೇಕಾದ್ದು ತಗೊಳ್ಳಿ” ಅಂದಿದ್ದ. ಗುಂಡಜ್ಜಿ ಆನಂದದಿಂದ ಅವನ ತಲೆ ಸವರಿದ್ದಳು. ಆಮೇಲೆ ಗೊತ್ತಾಯಿತು, ಯಾರು ಎಲ್ಲಿ ಫೋನು ಮುಟ್ಟಿಸಿದರೂ ಅಂಗಡಿಯಲ್ಲಿ ಅವನ ಫೋನು ಟಿಂಗ್ ಅನ್ನುತ್ತದೆ. ಜಾಗ ಗೊತ್ತಾಗುತ್ತದೆ, ಮೊತ್ತ ಗೊತ್ತಾಗುತ್ತದೆ. ಮುಟ್ಟಿಸಿದ್ದು ಅತ್ತೆಯೋ ಸೊಸೆಯೋ ಅನ್ನುವುದೊಂದು ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಅವನು ಕೂಡಲೇ ಫೋನು ಮಾಡುತ್ತಾನೆ. “ಅಮ್ಮಾ, ಬಿಸ್ಕತ್ತು ಎರಡು ಪ್ಯಾಕ್ ಯಾಕೆ? ಸುಮ್ನೆ ಕೇಳ್ದೆ.” ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಮಹರಾಯ ಬೈಯುವುದೇ ಇಲ್ಲ. ಅವನದು ಬೆಣ್ಣೆಯಂಥ ಮಾತು.

ಸೊಸೆ ಹೊರಟಿದ್ದು ರೈಲಿನ ಕೊನೆಯ ಸ್ಟೇಷನ್ನಿನ ಹತ್ತಿರದ ಸಮವಸ್ತ್ರದ ಕಾರ್ಖಾನೆಗೆ, ಬಟ್ಟೆ ಕತ್ತರಿಸುವ ಕೆಲಸದ ಪರೀಕ್ಷೆಗೆ. ಕತ್ತರಿ ಅವಳ ಕೈಯಲ್ಲಿದ್ದರೆ ಒಂದು ಚೂರು ಬಟ್ಟೆ ದಂಡವಾಗುವುದಿಲ್ಲ. ಹಿಂದಿನ ಸಲವೂ ಕರೆದಿದ್ದರು. ಹೇಗೋ ಸುಳಿವು ಹಿಡಿದ ಮಗ ಅಲ್ಲಿಗೇ ಹೋಗಿ, ಮ್ಯಾನೇಜರಮ್ಮನಿಗೆ ಕೈ ಮುಗಿದು, ನನ್ನ ಹೆಂಡತಿಗೆ ಆರೋಗ್ಯ ಸರಿಯಿಲ್ಲ, ಮನಸ್ಸೂ ಅಷ್ಟಕ್ಕಷ್ಟೆ, ದಯವಿಟ್ಟು ಮನೆಗೆ ಕಳಿಸಿ ಅಂದ. ಅಷ್ಟು ಸಾಕಾಯಿತು. ಈ ಸಲ ಮ್ಯಾನೇಜರ್ ಮೊದಲೇ ಹೇಳಿದ್ದಳು: ಮನೆಯವರು ಬಂದು ರಂಪ ಮಾಡಿದರೆ ಮತ್ತೆ ಕರೆಯುವ ಮಾತೇ ಇಲ್ಲ.

ಅಂದರೆ ಪರೀಕ್ಷೆ ಮುಗಿಯುವ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಮಗ ಆ ಕಾರ್ಖಾನೆಯ ಬಾಗಿಲು ಮುಟ್ಟಬಾರದು.

“ಅತ್ತೆ, ಒಳಗೆ ಯಾವುದರಲ್ಲಿ ಬಂದ್ನೋ ಅದ್ರಲ್ಲೇ ಹೊರಗೆ ಹೋಗ್ಬೇಕು. ಆಗ ಮತ್ತೆ ಟಿಂಗ್ ಅನ್ನುತ್ತೆ. ಸ್ಟೇಷನ್ ಹೆಸರೂ ಹೋಗುತ್ತೆ,” ಅಂದಳು ಸೊಸೆ. “ಅಷ್ಟರಲ್ಲಿ ಅವರು ಕಾರ್ಡು ನಿಲ್ಲಿಸಿದ್ರೆ ಗೇಟೇ ತೆಗೆಯಲ್ಲ.”

“ಹೊರಗೆ ಬಂದ ಕೂಡ್ಲೆ ನಂಗೆ ಹೇಳು. ಅವನ ಫೋನು ಎತ್ತಬೇಡ. ಮಿಕ್ಕಿದ್ದು ನಂಗೆ ಬಿಡು.”

ಫೋನು ಇಟ್ಟಳೋ ಇಲ್ಲವೋ, ಮಗನ ಕರೆ.

“ಅಮ್ಮಾ, ಸ್ಟೇಷನ್ನಿಗೆ ಯಾರು ಹೋಗಿದ್ದು?”

“ನಾನೇ ಕಣೋ.”

“ನೀನಾ? ಎಲ್ಲಿಗೆ?”

“ಯಾಕೆ, ನಾನು ಹೋಗಬಾರ್ದಾ? ಗೇಟಿಗೆ ಫೋನು ಮುಟ್ಟಿಸಿದೆ, ಜನ ನೋಡಿ ಸಾಕಾಯ್ತು, ಒಳಗೆ ಹೋಗ್ದೇ ವಾಪಸ್ ಬಂದೆ. ಈಗ ಬಸ್ಸಲ್ಲಿ ಹೋಗ್ತೀನಿ.”

“ಅವಳೆಲ್ಲಿ?”

“ಸ್ನಾನಕ್ಕೆ ಹೋಗಿದ್ಲು ನಾನು ಹೊರಡೋವಾಗ.”

“ಸರಿ ಅಮ್ಮಾ, ಹುಷಾರು,” ಅಂದ. ಆ ಹುಷಾರು ಅನ್ನುವ ಮಾತು ಗುಂಡಜ್ಜಿಗೆ ಒಂಚೂರೂ ಹಿಡಿಸಲಿಲ್ಲ.

ಹಿಂಡಿದ ಚಾದರ ಬಕೆಟ್ಟಿನಲ್ಲೇ ಬಿತ್ತು. ಚಪ್ಪಲಿ ಮೆಟ್ಟಿ ಬೀದಿಗಿಳಿದು, ಕಾರ್ಖಾನೆ ಇರುವ ದಿಕ್ಕಿಗೆ ಬೆನ್ನು ಹಾಕಿ ಹೋಗುವ ಬಸ್ಸು ಹತ್ತಿದಳು. ಫೋನು ಮುಟ್ಟಿಸಿದಳು. ಲೆಕ್ಕಾಚಾರ ಇಷ್ಟೇ: ಮಗ ಒಂದು ಟಿಂಗಿನ ಹಿಂದೆ ಓಡಬಲ್ಲ, ಎರಡರ ಹಿಂದೆ ಓಡಲಾರ. ತನ್ನ ಹಿಂದೆ ಓಡಲಿ. ಆದರೆ ಸೊಸೆ ಗೇಟು ದಾಟುವ ತನಕ ಜಾಸ್ತಿ ಗದ್ದಲ ಮಾಡುವಂತಿಲ್ಲ. ಗಾಬರಿಯಾಗಿ ಕಾರ್ಡು ನಿಲ್ಲಿಸಿಬಿಟ್ಟನೋ, ಆ ಹುಡುಗಿ ಗೇಟಿನೊಳಗೇ ಸಿಕ್ಕಿಬೀಳುತ್ತಾಳೆ.

ಬಸ್ಸಿಳಿದು ಒಂದು ಬಾಚಣಿಗೆ ಕೊಂಡಳು. ಟಿಂಗ್. ಕರೆ ಬಂತು. “ಬಾಚಣಿಗೆ ಕಣೋ.” ಇನ್ನೊಂದು ಬೀದಿಯಲ್ಲಿ ಶೂ ಲೇಸು ಕೊಂಡಳು. ಟಿಂಗ್. “ಅಮ್ಮಾ, ನೀನು ಶೂ ಹಾಕೋದೇ ಇಲ್ವಲ್ಲ.” “ಇನ್ಮೇಲೆ ಹಾಕ್ತೀನಿ, ನಿಂಗೇನು ಕಷ್ಟ?” ಪ್ರತಿ ಸಲವೂ ಕೊನೆಗೆ ಅದೇ ಪ್ರಶ್ನೆ ಬರುತ್ತಿತ್ತು: ಅವಳ್ಯಾಕೆ ಫೋನು ಎತ್ತುತ್ತಿಲ್ಲ? ಪ್ರತಿ ಸಲವೂ ಅವನ ಮಾತು ಇನ್ನಷ್ಟು ಮೆತ್ತಗಾಗುತ್ತಿತ್ತು.

ಕೊನೆಗೂ ಸೊಸೆಯ ಮೆಸೇಜು ಬಂತು. “ಹೊರಗೆ ಬಂದೆ. ಕಾರ್ಖಾನೆಗೆ ನಡೀತಿದೀನಿ.”

ಬೆನ್ನಿಗೇ ಮಗ. ಈ ಸಲ ಅಮ್ಮಾ ಅಂತ ಕೂಡ ಅನ್ನಲಿಲ್ಲ. “ನೀನಿರೋದು ಒಂದು ತುದೀಲಿ. ಟಿಂಗ್ ಬಂದಿರೋದು ಇನ್ನೊಂದು ತುದಿ ಸ್ಟೇಷನ್ನಿಂದ. ಅವಳು ಅಲ್ಲಿಗೆ ಹೋಗಿದಾಳೆ, ಅಲ್ವಾ? ನೀನೂ ಸೇರ್ಕೊಂಡಿದೀಯ.”

“ಏನೋ ನೀನು ಹೇಳೋದು?”

“ಇರಲಿ ಬಿಡು. ನಾನೇ ಹೋಗಿ ಕರ್ಕೊಂಡು ಬರ್ತೀನಿ, ಪಾಪ.” ಹಿಂದೆ ಅಂಗಡಿಯ ಶಟರ್ ಗರಗರ ಇಳಿಯುವ ಸದ್ದು ಕೇಳಿತು.

ಗುಂಡಜ್ಜಿ ಆ ಕಡೆ ಈ ಕಡೆ ನೋಡಿದಳು. ಎದುರಿಗೆ ವ್ಯಾಯಾಮದ ಸಾಮಾನಿನ ದೊಡ್ಡ ಅಂಗಡಿಯಿತ್ತು, ಗಾಜಿನ ಬಾಗಿಲು. ನುಗ್ಗಿದಳು.

“ಏನು ಬೇಕು ಅಜ್ಜಿ?” ಅಂದ ಮಾರಾಟದವನು.

“ಎಲ್ಲಕ್ಕಿಂತ ದುಬಾರಿದು ಯಾವುದು?”

ಅವನು ತೋರಿಸಿದ್ದು ನಿಂತಲ್ಲೇ ಓಡುವ ಮಿಷನ್ನು, ಮಂಚದಷ್ಟು ದೊಡ್ಡದು. ಯಾರಿಗೆ ಅಂತ ಕೇಳಿದ. “ನಂಗೇ ಕಣಪ್ಪ, ಓಡ್ಬೇಕು,” ಅಂದಳು. ಅವನು ನಗು ತಡೆದುಕೊಂಡು ಬಿಲ್ಲು ಒತ್ತಿದ. ಇಷ್ಟು ದುಡ್ಡು ಹೋಗುವುದನ್ನು ಕಂಡು ಮಗ ಸ್ಕೂಟರ್ ತಿರುಗಿಸದೆ ಇರಲಾರ ಅಂತ ಅವಳ ನಂಬಿಕೆ. ಎರಡು ಪ್ಯಾಕ್ ಬಿಸ್ಕತ್ತಿಗೆ ಫೋನು ಮಾಡುವವನಲ್ಲವೇ! ಫೋನು ಮುಟ್ಟಿಸಿದಳು.

ದುಡ್ಡು ತೆಗೆದುಕೊಳ್ಳುವ ಮಿಷನ್ನು ಕೆಂಪು ತೋರಿಸಿತು. “ಆಗ್ತಿಲ್ಲ ಅಜ್ಜಿ. ಕಾರ್ಡು ನಿಂತಿದೆ,” ಅಂದ ಮಾರಾಟದವನು.

ಅವಳು ಲೆಕ್ಕ ತಪ್ಪಿದ್ದು ಅಲ್ಲೇ. ದುಡ್ಡು ಉಳಿಸಿಕೊಳ್ಳಲು ಮಗ ಊರು ಸುತ್ತಿ ಬರಬೇಕಾಗಿರಲಿಲ್ಲ. ಒಂದು ಬೆರಳು ಸಾಕಾಗಿತ್ತು. ಸಿಗ್ನಲ್ಲಿನಲ್ಲಿ ನಿಂತು ಫೋನಿನ ಮೇಲೆ ಬೆರಳು ಒತ್ತಿ ಕಾರ್ಡು ನಿಲ್ಲಿಸಿದ್ದ, ಮತ್ತೆ ಕಾರ್ಖಾನೆಯ ದಾರಿ ಹಿಡಿದಿದ್ದ. ಇನ್ನು ಅವಳ ಕೈಯಲ್ಲಿರುವ ಫೋನು ಯಾವ ಅಂಗಡಿಯಲ್ಲೂ ಟಿಂಗ್ ಅನ್ನುವುದಿಲ್ಲ.

ಕಾರ್ಖಾನೆಯಲ್ಲಿ ಆ ಹುಡುಗಿ ಈಗ ಬಟ್ಟೆ ಹಾಸುತ್ತಿರಬಹುದು. ಹಿಂದಿನ ಸಲ ವಾಪಸ್ ಬಂದವಳು ಅತ್ತಿರಲಿಲ್ಲ, ಅದೇ ಭಯ. ಎಷ್ಟೋ ದಿನ ತಲೆ ಬಗ್ಗಿಸಿ ಪಾತ್ರೆ ತೊಳೆದಳು, ಏನು ಕೇಳಿದರೂ ಹೂಂ ಅಂದಳು. ಇನ್ನೊಂದು ಸಲ ಹಾಗಾದರೆ ಅವಳು ಜೀವಮಾನವಿಡೀ ಹೂಂ ಅಂದುಕೊಂಡೇ ಇರುತ್ತಾಳೆ ಅಂತ ಗುಂಡಜ್ಜಿಗೆ ಖಾತ್ರಿಯಿತ್ತು.

ಅವಳು ಓಡುವ ಮಿಷನ್ನಿನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಆಮೇಲೆ ಹಾಗೇ ಮಲಗಿದಳು. ಮಗನಿಗೆ ಫೋನು ಹಚ್ಚಿದಳು.

“ಮಗನೇ, ಬಿದ್ಬಿಟ್ಟೆ ಕಣೋ. ಏಳೋಕಾಗ್ತಿಲ್ಲ. ಬೇಗ ಬಾ.”

“ಅಮ್ಮಾ, ನಾಟಕ ಸಾಕು.”

“ಸೊಂಟ ಕಣೋ… ಕಾಲು ಅಲ್ಲಾಡ್ತಿಲ್ಲ.”

“ಪಕ್ಕದಲ್ಲಿ ಯಾರಿದಾರೋ ಅವರಿಗೆ ಕೊಡು.”

ಮಾರಾಟದವನು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಿದ್ದ. ಗುಂಡಜ್ಜಿ ಫೋನನ್ನು ಅಂಗೈಯಲ್ಲಿ ಮುಚ್ಚಿ, “ನಿನ್ನ ದಮ್ಮಯ್ಯ, ನಾನು ನೆಲದ ಮೇಲಿದೀನಿ ಅಂತ ಅಷ್ಟೇ ಹೇಳು. ಸುಳ್ಳಲ್ವಲ್ಲ,” ಅಂದಳು. ಅವನು ಫೋನು ತೆಗೆದುಕೊಂಡ. ಅವಳ ಮುಖ ನೋಡಿದ.

“ಹೌದು ಸಾರ್, ಅಜ್ಜಿ ನೆಲದ ಮೇಲಿದಾರೆ,” ಅಂದು ಅಂಗಡಿಯ ವಿಳಾಸ ಹೇಳಿದ. ಆ ಕಡೆಯಿಂದ ಕರೆ ಕಟ್ಟಾಯಿತು.

ಮಗ ಈ ಕಡೆ ತಿರುಗಿದನೋ, ಕಾರ್ಖಾನೆಯ ಕಡೆಗೇ ಹೋದನೋ, ತಿಳಿಯುವ ಬಗೆಯೇ ಇರಲಿಲ್ಲ. ತಣ್ಣನೆಯ ನೆಲದ ಮೇಲೆ ಮಲಗಿ ಗುಂಡಜ್ಜಿ ಗಾಜಿನ ಬಾಗಿಲನ್ನೇ ನೋಡುತ್ತಿದ್ದಳು. ಗಿರಾಕಿಗಳು ಬಂದರು, ಬಗ್ಗಿ ನೋಡಿ ದಾಟಿ ಹೋದರು. ಬರದಿದ್ದರೆ ಸೊಸೆಯ ಕಥೆ ಮುಗಿಯಿತು. ಅಷ್ಟೇ ಅಲ್ಲ, ತಾಯಿ ಬಿದ್ದರೂ ಬರದ ಮಗನನ್ನು ಹೆತ್ತೆ ಅಂತಾಯಿತು. ಬರಲಪ್ಪಾ, ಬರಲಿ, ಅಂತ ಅವಳು ಸೊಸೆಗಾಗಿ ಬೇಡುತ್ತಿದ್ದಳೋ ತನಗಾಗಿಯೋ ಅವಳಿಗೇ ಗೊತ್ತಾಗಲಿಲ್ಲ.

ಬಾಗಿಲು ದಡಾರನೆ ತೆರೆಯಿತು. ಮಗ. ಹೆಲ್ಮೆಟ್ ತಲೆಯ ಮೇಲೇ ಇತ್ತು. ಕನ್ನಡಕದ ಪುಟ್ಟ ಸ್ಕ್ರೂಡ್ರೈವರ್ ಇನ್ನೂ ಕೋಟಿನ ಜೇಬಿನಿಂದ ಇಣುಕುತ್ತಿತ್ತು. ಬಂದವನೇ ಮೊಣಕಾಲೂರಿ ಅವಳ ಚಪ್ಪಲಿ ಬಿಚ್ಚಿ ಪಾದ ಹಿಡಿದುಕೊಂಡ.

“ಎಲ್ಲಮ್ಮಾ? ಎಲ್ಲಿ ನೋವು? ಇಲ್ಲಿಯಾ? ಇಲ್ಲಿಯಾ?”

ನೋವು ಎಲ್ಲೂ ಇಲ್ಲ ಅಂದರೆ ಅವನು ಈಗಲೂ ಎದ್ದು ಕಾರ್ಖಾನೆಗೆ ಹೋಗಬಹುದು. ಗುಂಡಜ್ಜಿ ಸೊಂಟ ತೋರಿಸಿದಳು. ಅವನು ಕೋಟು ಬಿಚ್ಚಿ ಮಡಚಿ ಅವಳ ತಲೆಯ ಕೆಳಗಿಟ್ಟ. ಆಂಬುಲೆನ್ಸಿಗೆ ಫೋನು ಹಚ್ಚಲು ಹೋಗಿ ನಂಬರು ತಪ್ಪು ಒತ್ತಿದ. “ನಾಟಕ ಅಂದ್ಬಿಟ್ನಲ್ಲಮ್ಮಾ. ಅರ್ಧ ದಾರಿ ಹೋಗ್ಬಿಟ್ಟಿದ್ದೆ. ನಿಂಗೇನಾದ್ರೂ ಆಗಿದ್ದಿದ್ರೆ…” ಅನ್ನುತ್ತಾ ಅಂಗಡಿಯ ನಡುವೆ, ಅಷ್ಟು ಜನರ ಎದುರು, ಬಿಕ್ಕಿ ಬಿಕ್ಕಿ ಅತ್ತ. ಗುಂಡಜ್ಜಿಯ ಕರುಳು ಕಿತ್ತು ಬಂತು. ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಅದು ಮಮತೆಯೂ ಹೌದು, ಅವನನ್ನು ಬಿಡದಿರುವ ಉಪಾಯವೂ ಹೌದು. ಹೆತ್ತ ಮಗನಿಗೆ ಇಂಥ ಮೋಸ ಯಾವ ತಾಯಿಯೂ ಮಾಡಬಾರದು ಅನ್ನಿಸಿತು.

ಆಂಬುಲೆನ್ಸ್ ಸಿಕ್ಕಿ, ಹೊರಟಿದೆ ಅಂದರು. ಅಷ್ಟರಲ್ಲಿ ನೆಲದ ಮೇಲಿದ್ದ ಅವಳ ಫೋನು ಬೆಳಗಿತು. ಇಬ್ಬರೂ ಓದಿದರು.

“ಅತ್ತೆ, ತಗೊಂಡ್ರು. ಸಹಿನೂ ಆಯ್ತು. ಇವತ್ತಿಂದಲೇ ಕೆಲಸಕ್ಕೆ ಕೂತ್ಕೊ ಅಂದ್ರು.”

ಗುಂಡಜ್ಜಿ ಅವನ ಕೈ ಬಿಟ್ಟಳು. ಮೆಲ್ಲಗೆ ಪಕ್ಕಕ್ಕೆ ಹೊರಳಿ, ಕೈಯೂರಿ, ಎದ್ದು ನಿಂತಳು. “ಆಂಬುಲೆನ್ಸ್ ಬೇಡ ಅನ್ನು. ಬೇರೆ ಯಾರಿಗಾದ್ರೂ ಬೇಕಾಗಿರುತ್ತೆ.”

ಮಗ ಮೊಣಕಾಲೂರಿದಲ್ಲೇ ಇದ್ದ. ಅವಳ ಎರಡು ಕಾಲುಗಳನ್ನು, ಆಮೇಲೆ ಮುಖವನ್ನು ನೋಡಿದ. ಫೋನು ಮಾಡಿ ಆಂಬುಲೆನ್ಸ್ ಬೇಡವೆಂದ. ಕೋಟು ಎತ್ತಿ ಧೂಳು ಕೊಡವಿದ.

“ಇನ್ಮೇಲೆ ನೀನು ಸಾಯ್ತೀನಿ ಅಂತ ಕರೆದ್ರೂ ನಾನು ಬರಲ್ಲ.”

“ಬರಬೇಡಪ್ಪ,” ಅಂದಳು ಗುಂಡಜ್ಜಿ. “ಇವತ್ತು ಬಂದ್ಯಲ್ಲ, ಸಾಕು.”

ಅವನು ಹೊರಗೆ ಹೋದ. ಅವಳು ಮಾರಾಟದವನಿಗೆ ಕೈ ಮುಗಿದು, ಚಪ್ಪಲಿ ಹುಡುಕಿ ಹಾಕಿಕೊಂಡು ಹೊರಬಿದ್ದಳು. ಬಸ್ಸಿಗೆ ಕೊಡಲು ಕಾರ್ಡಿಲ್ಲ, ಮನೆ ಬಹಳ ದೂರದಲ್ಲಿತ್ತು. ಮಗ ಸ್ಕೂಟರಿನ ಮೇಲೆ ಕೂತಿದ್ದ. ಅದನ್ನು ಚಾಲೂ ಮಾಡಿರಲಿಲ್ಲ. ಹತ್ತು ಅನ್ನಲಿಲ್ಲ, ಹೊರಟೂ ಹೋಗಲಿಲ್ಲ. ಗುಂಡಜ್ಜಿಯೂ ಕೇಳಲಿಲ್ಲ. ಅವನ ಪಕ್ಕದಿಂದಲೇ ದಾಟಿ, ಕಣ್ಣೊರೆಸಿಕೊಳ್ಳುತ್ತಾ, ಮನೆಯ ದಿಕ್ಕಿಗೆ ನಡೆಯತೊಡಗಿದಳು.