ಬೈಟು ಮಾಡಿದ ಗುಳಿಗೆ

ಭತ್ತದ ಹೊಟ್ಟು ಉರಿಯುವ ವಾಸನೆ, ಕಾದ ಮರಳಿನ ವಾಸನೆ, ಅದರ ನಡುವಿನಿಂದ ಆಗತಾನೆ ಅರಳಿದ ಮಂಡಕ್ಕಿಯ ಉಪ್ಪುಪ್ಪು ಘಮ. ನಾನು ಹುಟ್ಟಿ ಬೆಳೆದ ದಾವಣಗೆರೆಯ ಮನೆಯ ಹಿಂದೆಯೇ ಮಂಡಕ್ಕಿ ಭಟ್ಟಿಯಿತ್ತು. ಶಾಲೆಯಲ್ಲಿ ಪಕ್ಕ ಕೂತ ಹುಡುಗಿ ನನ್ನ ಜಡೆ ಮೂಸಿ, "ಹಸಿವಾಕೈತೆ ಕಣೇ, ಆ ಕಡೆ ಸರಿ" ಅನ್ನುತ್ತಿದ್ದಳು. ಮದುವೆಯಾಗಿ ಹರಿಹರಕ್ಕೆ ಬಂದೆ. ಆ ವಾಸನೆ ಇಲ್ಲಿಗೂ ಬಂತು. ನಮ್ಮ ಓಣಿಯ ತುದಿಯಲ್ಲಿ ಮುರುಗೇಶಪ್ಪನ ಭಟ್ಟಿ ಇದೆ.

ಅಲ್ಲಿ ರಂಗವ್ವ ಒಲೆಯ ಮುಂದೆ ಕೂತು ಮಂಡಕ್ಕಿ ಹುರಿಯುತ್ತಾಳೆ. ಖತೀಜಾಬೀ ಪಕ್ಕದಲ್ಲಿ ನಿಂತು ಮರಳು ಜರಡಿ ಹಿಡಿದು ಚೀಲ ತುಂಬುತ್ತಾಳೆ. ಇಬ್ಬರೂ ಲಂಗ ಉಡುವ ವಯಸ್ಸಿನಿಂದ ಜೊತೆಗೇ ದುಡಿದವರು. ಒಂದು ಚಹಾ ತರಿಸಿ ಎರಡು ಲೋಟಕ್ಕೆ ಹಾಕಿಕೊಳ್ಳುವುದಕ್ಕೆ ನಮ್ಮ ಕಡೆ ಬೈಟು ಅನ್ನುತ್ತಾರೆ. ಇವರಿಬ್ಬರದು ಎಲ್ಲವೂ ಬೈಟು. ಚಹಾ, ರೊಟ್ಟಿ, ಎಲೆಯಡಿಕೆ, ಸೊಂಟಕ್ಕೆ ಹಚ್ಚುವ ಎಣ್ಣೆ. ಯಾರು ಚಹಾ ಹಂಚಿದರೂ ಹೆಚ್ಚು ತುಂಬಿದ ಲೋಟ ಇನ್ನೊಬ್ಬಳ ಕಡೆಗೇ ಹೋಗುತ್ತಿತ್ತು. ಅದನ್ನು ನೋಡುವುದೇ ನನಗೊಂದು ಸಂತೋಷ.

ಓಣಿಗೆ ಆರೋಗ್ಯ ತಪಾಸಣೆಯವರು ಬಂದಾಗ ಇಬ್ಬರಿಗೂ ಬಿ.ಪಿ. ಜಾಸ್ತಿ ಇದೆ ಎಂದು ಗೊತ್ತಾಯಿತು. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಆಗ ಒಂದು ಅಧ್ಯಯನ ನಡೆಯುತ್ತಿತ್ತು. ದಿನವಿಡೀ ಬೆಂಕಿಯ ಮುಂದೆ ದುಡಿಯುವವರ ರಕ್ತದೊತ್ತಡದ ಮೇಲೆ, ಹೃದಯದ ಮೇಲೆ ಬಿ.ಪಿ. ಗುಳಿಗೆ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವ ಅಧ್ಯಯನ. ಇಬ್ಬರನ್ನೂ ಕರೆದರು. ರಂಗವ್ವ ಒಪ್ಪಿದಳು. ಖತೀಜಾಬೀ ಮಾತ್ರ, "ಮಗಳು ಬಾಣಂತನಕ್ಕೆ ಬಂದಾಳೆ. ಆಕೀನ ಕಳಿಸಿ ಆಮ್ಯಾಗ ಬರ್ತೀನಿ" ಎಂದು ಮುಂದಕ್ಕೆ ಹಾಕಿದಳು.

ರಂಗವ್ವನ ಗಂಡ ಸಣ್ಣಬೀರಪ್ಪ ಆಟೋ ಓಡಿಸುವವನು. ಅವನಿಗೆ ಇದು ಸುತರಾಂ ಸರಿಬರಲಿಲ್ಲ.

"ಅಲ್ಲರಿ ಅಕ್ಕಾರೆ, ಸಂಶೋಧನೆ ಅಂದ್ರೆ ಇಲಿಗೆ ಸೂಜಿ ಚುಚ್ಚಿ ನೋಡ್ತಾರಲ್ಲ, ಅದೇ ತಾನೆ? ಇವಳನ್ನ ಇಲಿ ಮಾಡಾಕ ಹೊಂಟಾರ."

"ಇಲಿ ಆದ್ರೆ ಮೊದ್ಲು ನಿನ್ನ ಬೀಡಿಕಟ್ಟು ಕಡೀತೀನಿ, ಸುಮ್ನಿರು" ಎಂದಳು ರಂಗವ್ವ.

ಒಪ್ಪಿಗೆಯ ಕಾಗದ ಓದಿ ಹೇಳಲು ನಾನೂ ಆಸ್ಪತ್ರೆಗೆ ಜೊತೆಗೆ ಹೋದೆ. ಅಲ್ಲಿನ ಡಾಕ್ಟರ ಹೆಸರು ಪದ್ಮಶ್ರೀ, ಸಣ್ಣ ವಯಸ್ಸಿನ ಹೆಣ್ಣುಮಗಳು. ನಾನು ಓದುವುದಕ್ಕೆ ತಡವರಿಸಿದಾಗ ಎದ್ದು ಹೋಗಿ ಕಿಟಕಿಯ ಪರದೆ ಸರಿಸಿ ಬೆಳಕು ಬಿಟ್ಟರು.

"ಇದು ಹೊಸ ಔಷಧಿ ಅಲ್ಲ, ಯಜಮಾನ್ರೆ" ಎಂದು ಸಣ್ಣಬೀರಪ್ಪನಿಗೇ ಹೇಳಿದರು. "ಎಷ್ಟೋ ಜನ ಈಗಾಗಲೇ ತಗೋತಿರೋ ಗುಳಿಗೆ. ನಿಮ್ಮ ಮನೆಯವರಿಗೆ ಹೆಂಗೆ ಒಗ್ಗುತ್ತೆ ಅಂತ ನೋಡ್ತೀವಿ. ಬ್ಯಾಡ ಅನಿಸಿದ ದಿನ ಹೇಳ್ಬಿಡ್ರಿ, ಅಧ್ಯಯನ ಬಿಡಬಹುದು, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಮಾತ್ರೆ ಮಾತ್ರ ನಮಗೆ ಹೇಳದೆ ನಿಲ್ಲಿಸಬ್ಯಾಡ್ರಿ. ನಾವು ಕೇಳೋದು ಒಂದೇ, ಇದ್ದದ್ದು ಇದ್ದಂಗೆ ಹೇಳ್ಬೇಕು."

ಆಮೇಲೆ ಪ್ರಶ್ನೆಗಳು ಶುರುವಾದವು. ಸಕ್ಕರೆ ಕಾಯಿಲೆ ಉಂಟೇ? ದಮ್ಮು, ಉಬ್ಬಸ ಉಂಟೇ? ಕಾಲು ಬಾವು ಬರುತ್ತದೆಯೇ? ಬೇರೆ ಯಾವ ಮಾತ್ರೆ? ಯಾವ ನಾಟಿ ಔಷಧಿ?

ಸಣ್ಣಬೀರಪ್ಪ ನನ್ನ ಕಿವಿಯಲ್ಲಿ, "ಹೆಣ್ಣು ನೋಡಾಕ ಹೋದಾಗ ನಾನೇ ಇಷ್ಟು ಕೇಳಿರ್ಲಿಲ್ಲ" ಎಂದ.

ರಂಗವ್ವನಿಗೆ ದಮ್ಮು ಇರಲಿಲ್ಲ. ಇಲ್ಲ ಎಂದಳು. ಗುಳಿಗೆ ಕೊಟ್ಟರು.

ವಾರಗಳು ಕಳೆದವು. ಖತೀಜಾಬೀಗೆ ಮೊದಲಿನಿಂದಲೂ ಚಳಿಗಾಲದಲ್ಲಿ ದಮ್ಮು ಬರುತ್ತಿತ್ತು. ಈಗ ಬಿಸಿಲುಗಾಲದಲ್ಲೂ ಎದೆ ಸುಯ್ ಸುಯ್ ಅನ್ನತೊಡಗಿತು. ಚೀಲ ಎತ್ತಿದರೆ ಗೋಡೆ ಹಿಡಿದು ನಿಲ್ಲುವಳು.

"ಆಸ್ಪತ್ರೆಗೆ ತೋರಿಸು ಖತೀಜಾ" ಎಂದೆ.

"ಹೊಟ್ಟಿನ ಧೂಳು ಅಕ್ಕಾರೆ. ಮಳಿ ಬಂದ್ರೆ ಹೋಕೈತೆ" ಎಂದು ನಕ್ಕಳು. ರಂಗವ್ವ ಅವಳ ಕೈಯಿಂದ ಚೀಲ ಕಿತ್ತುಕೊಂಡು ತಾನೇ ಹೊತ್ತಳು.

ಅತ್ತ ರಂಗವ್ವನ ಒತ್ತಡವೂ ಇಳಿಯಲಿಲ್ಲ. ಒಂದು ಸಲ ನೋಡಿದರೆ ಪರವಾಗಿಲ್ಲ, ಇನ್ನೊಂದು ಸಲ ನೋಡಿದರೆ ಏರಿರುತ್ತಿತ್ತು. ಒಂದು ದಿನ ಅವಳ ಜೊತೆ ನಾನೂ ತಪಾಸಣೆಗೆ ಹೋದಾಗ ಪದ್ಮಶ್ರೀ ಹುಬ್ಬು ಗಂಟಿಕ್ಕಿ ಕೇಳಿದರು.

"ರಂಗವ್ವ, ಗುಳಿಗೆ ದಿನಾ ತಗೋತೀರಿ ತಾನೆ?"

"ಹೂಂ ರಿ."

"ಹಂಗಾದ್ರೆ ಇದು ಸಾಲ್ತಿಲ್ಲ. ಜಾಸ್ತಿ ಮಾಡ್ಬೇಕಾಗುತ್ತೆ."

ರಂಗವ್ವ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

ಹರಿಹರದ ಬಸ್ಸಿನಲ್ಲಿ ಕೂತಾಗ ಮುರುಗೇಶಪ್ಪನ ಫೋನು ಬಂತು. ಖತೀಜಾಬೀ ಜರಡಿ ಹಿಡಿದಲ್ಲೇ ಕುಸಿದಿದ್ದಾಳೆ, ಉಸಿರು ಸಿಗುತ್ತಿಲ್ಲ, ಆಂಬುಲೆನ್ಸಿನಲ್ಲಿ ಹರಿಹರದ ಆಸ್ಪತ್ರೆಗೆ ಒಯ್ದಿದ್ದಾರೆ. ರಂಗವ್ವ ನನ್ನ ಮಣಿಕಟ್ಟು ಹಿಡಿದಳು.

"ಅಕ್ಕಾರೆ, ನನ್ನ ಗುಳಿಗೆ ಆಕಿಗೂ ಕೊಡ್ತಿದ್ದೆ. ಒಂದಿನ ನಾನು, ಒಂದಿನ ಆಕಿ."

"ಯಾಕವ್ವ?"

"ಆಕಿಗೆ ಆಸ್ಪತ್ರೆಗೆ ಹೋಗಾಕ ಪುರಸೊತ್ತಿಲ್ಲ. ಇಬ್ಬರಿಗೂ ಅದೇ ಬಿ.ಪಿ. ಅಲ್ಲೇನು ಅಂದ್ಕಂಡೆ. ನಾನೊಬ್ಳೇ ಗುಳಿಗೆ ನುಂಗಿ ಆಕಿ ಮುಂದೆ ಕುಂತ್ರೆ ಚಾ ಗಂಟಲಾಗ ಇಳೀತಿರ್ಲಿಲ್ಲರಿ."

ಅಲ್ಲಿಂದಲೇ ಪದ್ಮಶ್ರೀಗೆ ಫೋನು ಮಾಡಿದೆ. "ಖತೀಜಾಬೀಗೆ ದಮ್ಮು ಐತೇನ್ರಿ?" ಎಂದರು. ಹೌದು ಎಂದೆ. "ಹಂಗಾದ್ರೆ ಅಲ್ಲಿನ ಡಾಕ್ಟರಿಗೆ ಈಗ್ಲೇ ಹೇಳ್ಬೇಕು. ನಾನೂ ಅವರಿಗೆ ಫೋನ್ ಹಚ್ತೀನಿ. ನೀವು ಗುಳಿಗೆ ಶೀಟು ಕೈಯಾಗ ಹಿಡ್ಕಂಡು ಒಳಗೆ ಹೋಗ್ರಿ."

ಆಸ್ಪತ್ರೆಯ ಬಾಗಿಲಲ್ಲಿ ರಂಗವ್ವ ನಿಂತುಬಿಟ್ಟಳು. ಒಳಗಿನಿಂದ ಖತೀಜಾಬೀಯ ಮಗಳು ಅಳುವುದು ಕೇಳುತ್ತಿತ್ತು.

"ವಿಷ ಹಾಕಿದ್ಲು ಅಂತಾರಲ್ಲರಿ ಅಕ್ಕಾರೆ. ಆ ಹುಡುಗಿ ಮುಖ ಹೆಂಗೆ ನೋಡ್ಲಿ?"

"ಅವಳ ಅವ್ವನ ಮುಖ ನೋಡು, ಬಾ" ಎಂದೆ.

ಹೋದಳು. ಗುಳಿಗೆಯ ಶೀಟನ್ನು ಮುಂದೆ ಚಾಚಿ, ಎಲ್ಲರೂ ಕೇಳುವ ಹಾಗೆ, "ಇದನ್ನ ನಾನೇ ಕೊಟ್ಟೀನಿ ಸಾರ್. ಆಕಿದು ತಪ್ಪಿಲ್ಲ" ಎಂದಳು. ಅಲ್ಲಿನ ಡಾಕ್ಟರು ಗದರಲಿಲ್ಲ. "ಒಳ್ಳೇದಾತು ತಾಯಿ, ಟೈಮಿಗೆ ಹೇಳಿದ್ರಿ" ಎಂದು ಒಳಗೆ ಓಡಿದರು. ನರ್ಸಮ್ಮ ಒಬ್ಬಳು ಹೋಗುತ್ತ ಹೋಗುತ್ತಲೇ ರಂಗವ್ವನ ಹಿಂದೆ ಒಂದು ಕುರ್ಚಿ ಎಳೆದಿಟ್ಟು ಹೋದಳು.

ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬಂತು. ಮೂಗಿನ ಮೇಲಿನ ಮಾಸ್ಕು ಸರಿಸಿ ಖತೀಜಾಬೀ ಆಡಿದ ಮೊದಲ ಮಾತು, "ಏ ರಂಗಿ, ಚಾ ಕುಡಿದ್ಯೇನೆ?" ಅಲ್ಲಿಯವರೆಗೆ ಗಟ್ಟಿಯಾಗಿ ಕೂತಿದ್ದ ರಂಗವ್ವ ಆಗ ಅತ್ತಳು.

ಮರುದಿನ ಬೆಳಗ್ಗೆ ಪದ್ಮಶ್ರೀ ತಾವೇ ಹರಿಹರದ ಆಸ್ಪತ್ರೆಗೆ ಬಂದರು. ಸಣ್ಣಬೀರಪ್ಪ ಅವರಿಗಾಗಿಯೇ ಕಾದಿದ್ದ.

"ನೋಡಿದ್ರೇನು? ಇಲಿ ಮಾಡ್ತಾರ ಅಂದ್ರೆ ಯಾರೂ ಕೇಳ್ಲಿಲ್ಲ. ನಿಮ್ಮ ಗುಳಿಗೆ ಒಂದು ಜೀವ ತೆಗೀತಿತ್ತು!"

ಪದ್ಮಶ್ರೀ ಹಾಸಿಗೆಯ ಪಕ್ಕ ಕೂತು ಮೆಲ್ಲಗೆ ಹೇಳಿದರು. "ಬಿ.ಪಿ. ಗುಳಿಗೆ ಅಂದ್ರೆ ಒಂದೇ ಅಲ್ಲ ಯಜಮಾನ್ರೆ. ಒಂದು ರಕ್ತನಾಳ ಸಡಿಲ ಮಾಡುತ್ತೆ. ಒಂದು ಮೈಯಾಗಿನ ಹೆಚ್ಚಿನ ಉಪ್ಪು ನೀರು ಹೊರಗೆ ಹಾಕುತ್ತೆ. ರಂಗವ್ವನಿಗೆ ಕೊಟ್ಟಿದ್ದು ಹೃದಯದ ಬಡಿತ ನಿಧಾನ ಮಾಡೋದು. ಆಕೆಗೆ ಅದು ಒಳ್ಳೇದೇ. ಆದ್ರೆ ಅದೇ ಗುಳಿಗೆ ದಮ್ಮು ಇದ್ದವರ ಉಸಿರಿನ ಕೊಳವೆ ಬಿಗಿ ಮಾಡಬಹುದು. ಅದಕ್ಕೇ ಅವತ್ತು ಅಷ್ಟು ಪ್ರಶ್ನೆ ಕೇಳಿದ್ದು."

ಸಣ್ಣಬೀರಪ್ಪ ಒಂದು ಸ್ಟೂಲು ಎಳೆದುಕೊಂಡು ಕೂತ. "ಇದು ದಮ್ಮಿಗೆ ಆಗಲ್ಲ ಅಂತ ನಿಮಗೆ ಹೆಂಗೆ ಗೊತ್ತಾತು?" ಎಂದ.

"ಹಿಂದೆ ಯಾರೋ ಇದೇ ಗುಳಿಗೆ ತಗಂಡವರು, ತಮಗೆ ಹಿಂಗಾತು ಅಂತ ಬಾಯಿಬಿಟ್ಟು ಹೇಳಿದ್ರು. ನಮ್ಮಂಥೋರು ಕೇಳಿಸ್ಕಂಡು, ಬರೆದು, ಮತ್ತೆ ಮತ್ತೆ ನೋಡಿದ್ರು. ಅದೇ ಸಂಶೋಧನೆ. ನಿಮ್ಮ ಮನೆಯವರು ನಿನ್ನೆ ಹೇಳ್ದೇ ಇದ್ದಿದ್ರೆ ನಾವೂ ತಪ್ಪು ದಾರಿ ಹಿಡೀತಿದ್ವಿ. ದಿನ ಬಿಟ್ಟು ದಿನ ತಗಂಡಿದ್ದಕ್ಕೆ ಒತ್ತಡ ಇಳೀಲಿಲ್ಲ; ನಾನು ಗುಳಿಗೆ ಸಾಲ್ತಿಲ್ಲ ಅಂತ ಜಾಸ್ತಿ ಮಾಡೋದ್ರಾಗಿದ್ದೆ."

"ನನ್ನ ಹೊರಗ ಹಾಕ್ತೀರೇನ್ರಿ?" ರಂಗವ್ವ ಕೇಳಿದಳು.

"ಇಲ್ಲಮ್ಮ. ನೀವು ಹೇಳಿದ್ದನ್ನೂ ಬರೆದ್ಕೋತೀವಿ. ಅದೂ ನಮಗೆ ಬೇಕು. ಇನ್ಮೇಲೆ ನಿಮ್ಮದು ನೀವೇ ದಿನಾ ತಗೋರಿ. ಖತೀಜಾಬೀಗೆ ದಮ್ಮಿಗೂ ಒಗ್ಗೋ ಅಂಥ ಬೇರೆ ಗುಳಿಗೆ ಕೊಡ್ತೀವಿ."

"ಮತ್ತೆ ಬೈಟು?" ಎಂದಳು ಖತೀಜಾಬೀ, ಮಲಗಿದಲ್ಲಿಂದಲೇ.

"ಚಾ ಮಾತ್ರ" ಎಂದರು ಡಾಕ್ಟರು. "ಊಟದಾಗೆ ಉಪ್ಪು ಇಬ್ರೂ ಕಮ್ಮಿ ಮಾಡ್ರಿ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಬಿ.ಪಿ. ಗುಳಿಗೆ ಇರಬಹುದು. ಪಕ್ಕದ ಮನೆಯವರಿಗೂ ಬಿ.ಪಿ. ಇರಬಹುದು. ಪ್ರೀತಿಯಿಂದಲೇ ಆದರೂ ನಿಮ್ಮ ಗುಳಿಗೆ ಅವರಿಗೆ ಕೊಡಬೇಡಿ. ಅವರ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅದು ದೊಡ್ಡ ಪ್ರೀತಿ. ನಿಮ್ಮ ಗುಳಿಗೆಯನ್ನು ನೀವಾಗಿ ಬಿಡಬೇಡಿ, ದಿನ ತಪ್ಪಿಸಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಗುಳಿಗೆಯ ಶೀಟು ಜೊತೆಗಿರಲಿ. ದಮ್ಮು, ಸಕ್ಕರೆ, ನೋವಿನ ಮಾತ್ರೆ, ನಾಟಿ ಔಷಧಿ ಎಲ್ಲವನ್ನೂ ಹೇಳಿ. ಯಾವುದಾದರೂ ಅಧ್ಯಯನಕ್ಕೆ ಕರೆದರೆ ಹೆದರಬೇಡಿ, ಕಣ್ಣು ಮುಚ್ಚಿ ಒಪ್ಪಲೂ ಬೇಡಿ. ಕಾಗದ ಓದಿಸಿ. ಯಾವ ಔಷಧಿ, ಏನು ತೊಂದರೆ ಆಗಬಹುದು, ಬಿಡಬೇಕೆಂದರೆ ಬಿಡಬಹುದೇ ಎಂದು ಕೇಳಿ. ಒಪ್ಪಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಿಮ್ಮ ಒಂದು ನಿಜದಿಂದ, ನೀವು ಎಂದೂ ನೋಡದ ಯಾರೋ ಒಬ್ಬರು ನಾಳೆ ಸರಾಗವಾಗಿ ಉಸಿರಾಡುತ್ತಾರೆ.

ಆ ಮಧ್ಯಾಹ್ನ ನಾನು ವಾರ್ಡಿನಿಂದ ಹೊರಡುವಾಗ ಸಣ್ಣಬೀರಪ್ಪ ಮತ್ತೆ ಬಂದ. ಬೆಳಗ್ಗೆ ಕೂಗಾಡಿದ ಮನುಷ್ಯ ಬಾಗಿಲ ಬಳಿ ಚಪ್ಪಲಿ ಬಿಟ್ಟು ಸದ್ದಿಲ್ಲದೆ ಒಳಗೆ ನಡೆದ. ಕೈಯಲ್ಲಿ ಎರಡು ಡಬ್ಬಿ. ಹೆಂಡತಿಯದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಇನ್ನೊಂದರ ಮುಚ್ಚಳ ತೆಗೆದ. ಬಿಸಿ ಅನ್ನ, ಬೇಳೆಸಾರು. ಖತೀಜಾಬೀಯ ಮುಖ ನೋಡದೆಯೇ ಅವಳ ಎರಡೂ ಕೈಯಲ್ಲಿ ಅದನ್ನು ಇಟ್ಟು, "ಉಪ್ಪು ಕಮ್ಮಿ ಹಾಕೀನಿ" ಎಂದ.