ಪರದೆಯಾಚೆಯ ಬೆಂಚು

ಆ ಹೆಂಗಸು ಮೂರು ಮಂಗಳವಾರ ಬಂದಿದ್ದಳು. ಮೂರು ಮಂಗಳವಾರವೂ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರು ಎಂದು ಬರೆಯಲಾಯಿತು. ನಾಲ್ಕನೆಯ ಮಂಗಳವಾರ ಅವಳ ಫೈಲು ಮುಚ್ಚುವುದೆಂದು ತೀರ್ಮಾನವಾಯಿತು.

ಮುಚ್ಚುವ ಕೆಲಸ ತರಬೇತಿಯ ಹುಡುಗಿಯ ಪಾಲಿಗೆ ಬಂತು. ಬಡಾವಣೆಯ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಅವಳದು ಹನ್ನೊಂದನೆಯ ತಿಂಗಳು. ಇನ್ನೊಂದು ತಿಂಗಳು ಕಳೆದು ಮೇಲ್ವಿಚಾರಕಿ ಮೇಡಂ ಅವಳ ದಿನಚರಿ ಪುಸ್ತಕಕ್ಕೆ ಸಹಿ ಹಾಕಿದರೆ ತರಬೇತಿ ಮುಗಿದಂತೆ. ಹಾಕದಿದ್ದರೆ ವರ್ಷವಿಡೀ ದುಡಿದದ್ದು ನೀರಿನಲ್ಲಿ ಹೋಮ ಮಾಡಿದಂತೆ. ಅಟೆಂಡರ್ ಅವಳಿಗಿಟ್ಟಿದ್ದ ಹೆಸರು ಯಾಕಮ್ಮ. ಬಂದ ಮೊದಲ ದಿನವೇ ಅವಳು ಬೆಂಚಿಗೆ ಯಾಕೆ ಮೂರೇ ಕಾಲು, ಗಡಿಯಾರ ಯಾಕೆ ಮುಂದೆ ಓಡುತ್ತದೆ, ಗುಟ್ಟಿನ ಮಾತಾಡುವ ಕೋಣೆಗೆ ಬಾಗಿಲಿಲ್ಲದೆ ಪರದೆ ಯಾಕೆ ಎಂದು ಕೇಳಿ ಅವನ ತಲೆ ತಿಂದಿದ್ದಳು. ಪರದೆ ಹಾಗೇ ಉಳಿಯಿತು. ಬೆಂಚಿನ ಕಾಲಿಲ್ಲದ ಮೂಲೆಗೆ ಮಾತ್ರ ಅವನೊಂದು ಇಟ್ಟಿಗೆ ತಂದಿಟ್ಟ.

"ಇಲ್ಲಿ ಗುರುತು ಹಾಕು. ಚಿಕಿತ್ಸೆಯಲ್ಲಿ ಆಸಕ್ತಿಯಿಲ್ಲ. ಕೆಳಗೆ ಸಹಿ," ಎಂದರು ಮೇಡಂ, ಆ ಮಂಗಳವಾರ ಬೆಳಿಗ್ಗೆ ಹಾಳೆ ಕೊಡುತ್ತ. "ಸಂಜೆ ಸಭೇಲಿ ನಿನ್ನ ಲೇಖನ ಓದ್ತೀಯಲ್ಲ, ಅದರ ಜೊತೆ ಇದನ್ನೂ ಇಡು. ಒಳ್ಳೆ ಉದಾಹರಣೆ ಆಗುತ್ತೆ."

ಲೇಖನದ ಹೆಸರು 'ಜನ ಯಾಕೆ ಮರಳಿ ಬರುವುದಿಲ್ಲ'. ಹತ್ತು ಪುಟ. ಮೇಡಂ ಎರಡು ಕಡೆ ಚೆನ್ನಾಗಿದೆ ಎಂದು ಬರೆದಿದ್ದರು. ಅದನ್ನು ಅವಳು ಬರೆದದ್ದು ಆ ಮೂರು ಮಂಗಳವಾರಗಳ ಖಾಲಿ ಗಂಟೆಯಲ್ಲೇ, ಪರದೆಯ ಹಿಂದೆ ಕೂತು. ಎರಡು ಗಂಟೆಗೆ ಹೊರಗೆ ಬಂದು ಹೆಸರು ಕೂಗಬೇಕು, ಹತ್ತು ನಿಮಿಷ ಕಾಯಬೇಕು, ಬಾರದಿದ್ದರೆ ಗೈರುಹಾಜರು ಎಂದು ಗೆರೆ ಎಳೆಯಬೇಕು. ನಿಯಮ ಅದು. ಮೂರು ಗೆರೆಯೂ ಅವಳ ಕೈಯವೇ.

ಮಧ್ಯಾಹ್ನ, ಗುರುತು ಹಾಕುವ ಮುನ್ನ ಸುಮ್ಮನೆ ಫೈಲು ತಿರುವಿದಳು. ಮೊದಲ ಪುಟದಲ್ಲಿ: ಲಾಂಡ್ರಿಯಲ್ಲಿ ಕೆಲಸ. ಅಕ್ಕ ತೀರಿಕೊಂಡು ಐದು ತಿಂಗಳು. ನಿದ್ದೆ ಇಲ್ಲ. ಕೆಲಸದ ನಡುವೆ ಕೈ ನಿಂತುಹೋಗುತ್ತದೆ. ಕೊನೆಯಲ್ಲಿ ಔಷಧದ ಕಿಟಕಿಯವರು ಪಿನ್ನು ಹೊಡೆದ ಮೂರು ಚೀಟಿಗಳಿದ್ದವು. ತಾರೀಕು ನೋಡಿದಳು. ಮೂರೂ ಮಂಗಳವಾರ. ಅವೇ ಮಂಗಳವಾರ. ಬಾರದವಳು ಮಾತ್ರೆ ಹೇಗೆ ಕೊಂಡೊಯ್ದಳು?

ಅಟೆಂಡರ್ ಸ್ಟೂಲು ಹತ್ತಿ, ಒಗೆಯಲು ಕಳಿಸಲು ಪರದೆ ಬಿಚ್ಚುತ್ತಿದ್ದ.

"ಅಣ್ಣಾ, ಈ ಲಾಂಡ್ರಿಯವರ ಮಾತ್ರೆ ಯಾರು ತಗೊಂಡ್ರು?"

"ಯಾರದೋ ಅವರೇ. ನಾನೇನು ನುಂಗಿದ್ನಾ?"

"ಅವರು ಬಂದೇ ಇಲ್ವಲ್ಲ."

"ಯಾರು ಹೇಳಿದ್ದು? ಇಟ್ಟಿಗೆ ಇಟ್ಟಿದೀನಲ್ಲ, ಆ ಕೊನೇಲಿ ಕೂತಿರ್ತಾರೆ. ಎರಡೂ ಇಪ್ಪತ್ತಕ್ಕೆ ಬರ್ತಾರೆ, ಕಿಟಕಿ ತೆಗೆದಾಗ ಮಾತ್ರೆ ಇಸ್ಕೊಂಡು ಮತ್ತೆ ಬಂದು ಕೂತ್ಕೋತಾರೆ. ನಾಲ್ಕಕ್ಕೆ ಎದ್ದು ಹೋಗ್ತಾರೆ."

"ನನಗೆ ಹೇಳ್ಬಾರದಿತ್ತಾ?"

ಅವನು ಕೊಕ್ಕೆಯಿಂದ ಕೈ ತೆಗೆದು ಕೆಳಗೆ ನೋಡಿದ. "ಗಡಿಯಾರ ಕೇಳಿದ್ರಿ, ಬೆಂಚಿನ ಕಾಲು ಕೇಳಿದ್ರಿ. ಬೆಂಚ್ ಮೇಲೆ ಯಾರಿದಾರೆ ಅಂತ ಒಂದಿನಾನೂ ಕೇಳ್ಲಿಲ್ಲ ತಾಯಿ."

ಹುಡುಗಿ ತನ್ನ ಕುರ್ಚಿಯಿಂದ ಬೆಂಚಿಗೆ ಹೆಜ್ಜೆ ಎಣಿಸಿದಳು. ಏಳು. ಏಳು ಹೆಜ್ಜೆ ಆಚೆ ಆ ಜೀವ ಕೂತಿದ್ದಾಗ, ಈಚೆ ಅವಳು 'ರೋಗಿಗಳ ನಿರಾಸಕ್ತಿಯ ಬೇರುಗಳು' ಎಂಬ ಉಪಶೀರ್ಷಿಕೆಯ ಕೆಳಗೆ ಸ್ಕೇಲಿಟ್ಟು ಗೆರೆ ಹಾಕುತ್ತಿದ್ದಳು.

ಎರಡೂ ಇಪ್ಪತ್ತಕ್ಕೆ ಹೆಂಗಸು ಬಂದಳು. ನಲವತ್ತರ ಆಸುಪಾಸು. ಬೆರಳ ತುದಿಗಳು ನೀರಿನಲ್ಲಿ ನೆನೆದ ಕಾಗದದಂತೆ ಬಿಳಚಿಕೊಂಡಿದ್ದವು. ಬೆಂಚಿನ ಮೇಲೆ ಹುಡುಗಿ ಕೂತಿದ್ದನ್ನು ಕಂಡು ಅಲ್ಲೇ ನಿಂತಳು.

"ಜಾಗ ಬೇಕಿತ್ತಾ ತಂಗಿ? ನಾನು ಆಚೆ ಕೂರ್ತೀನಿ."

"ಇಲ್ಲ, ನಿಮಗೇ ಕಾಯ್ತಿದ್ದೆ. ಎರಡಕ್ಕೆ ಹೆಸರು ಕರೀತೀವಿ. ತಡ ಯಾಕಾಗುತ್ತೆ?"

"ಲಾಂಡ್ರೀಲಿ ಎರಡಕ್ಕೆ ಯಂತ್ರ ನಿಲ್ಲೋದು. ಕೊನೇ ಬಟ್ಟೆಗಂಟು ಕಟ್ಟಿದ ಮೇಲೆ ಗೇಟು ತೆಗೀತಾರೆ."

"ಬಂದ ಮೇಲೆ ಒಳಗೆ ಬಂದು ಹೇಳ್ಬಹುದಿತ್ತಲ್ಲ."

"ಪರದೆ ಎಳೆದಿತ್ತು," ಎಂದಳು ಹೆಂಗಸು. "ಯಾರೋ ಒಳಗೆ ಕಷ್ಟ ಹೇಳ್ಕೋತಿದಾರೆ ಅಂದ್ಕೊಂಡೆ. ಮಧ್ಯ ಹೇಗೆ ಹೋಗೋದು?"

ಹುಡುಗಿ ಸರಿದು ಪಕ್ಕದಲ್ಲಿ ಜಾಗ ಮಾಡಿದಳು, ಹೆಂಗಸು ಕೂತಳು. ಅಷ್ಟರಲ್ಲಿ ಅಟೆಂಡರ್ ಬಿಚ್ಚಿದ ಪರದೆಯನ್ನು ಉಂಡೆ ಕಟ್ಟತೊಡಗಿದ್ದ. ಹೆಂಗಸು ಅದನ್ನೇ ನೋಡುತ್ತಿದ್ದವಳು ತಡೆಯಲಾರದೆ ಎದ್ದಳು.

"ಹಾಗೆ ಮುದ್ದೆ ಮಾಡ್ಬೇಡಿ ಅಣ್ಣ. ಇದು ಒಗೆಯೋಕೆ ಬರೋದು ನಮ್ಮ ಲಾಂಡ್ರಿಗೇ, ಅಲ್ಲಿ ಬಿಡಿಸೋ ಕೈ ನಮ್ಮದೇ." ಬಟ್ಟೆ ಇಸಿದುಕೊಂಡು ಒಂದು ಮೂಲೆ ಹುಡುಕಿ ತೋರಿಸಿದಳು. ಹಸಿರು ಬಟ್ಟೆಯಲ್ಲಿ ಬಿಳಿ ದಾರದ ಹೊಲಿಗೆ ಗಿಡ್ಡಗಿಡ್ಡವಾಗಿ ಸಾಗಿತ್ತು. "ಹರಿದಿತ್ತು. ನಮ್ಮಕ್ಕ ಹಾಕಿದ್ದು. ಹಸಿರು ದಾರ ಸಿಗ್ಲಿಲ್ಲ ಅಂತ ಒಂದು ವಾರ ಗೊಣಗಿದ್ಲು. ಇಷ್ಟುದ್ದದ ಬಟ್ಟೆ ಒಬ್ರೇ ಮಡಚೋಕಾಗಲ್ಲ. ಹನ್ನೆರಡು ವರ್ಷ ಅವಳೇ ಎದುರಿಗೆ ನಿಲ್ತಿದ್ಲು."

"ಈಗ?"

"ಯಾರನ್ನೋ ನಿಲ್ಲಿಸ್ತಾರೆ. ಪಾಪ, ಚೆನ್ನಾಗೇ ಮಡಚ್ತಾರೆ. ಮೂಲೆಗೆ ಮೂಲೆ ಸೇರಿಸೋಕೆ ಹತ್ರ ಬರ್ತಾರಲ್ಲ, ಆಗ ಬೇರೆ ಮುಖ. ಅಷ್ಟೇ, ಕೈ ನಿಂತ್ಬಿಡುತ್ತೆ. ಮೇಸ್ತ್ರಿ ಬೈತಾನೆ." ಬಿಳಿ ಹೊಲಿಗೆ ಸವರುತ್ತ ಹೇಳಿದಳು, "ಮಾತ್ರೆ ತಗೊಂಡ ರಾತ್ರಿ ನಿದ್ದೆ ಬರುತ್ತೆ. ಇಲ್ಲಿ ಕೂತ್ರೂ ಒಂದಿಷ್ಟು ಹಗುರ."

ಹುಡುಗಿಗೆ ಕೇಳಲು ನೂರಿದ್ದವು. ಒಂದನ್ನೇ ಕೇಳಿದಳು. "ಹೇಗೆ ಹಿಡೀಬೇಕು? ನನಗೆ ಗೊತ್ತಿಲ್ಲ."

ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎರಡು ಮೂಲೆ ಅವಳ ಕೈಗಿಟ್ಟಳು. "ಹೆಬ್ಬೆರಳು ಒಳಗೆ. ಹಿಂದಕ್ಕೆ ಹೋಗಿ. ಇನ್ನೂ. ಎಳೆದು ಹಿಡೀರಿ, ಜೋಲು ಬಿಡ್ಬೇಡಿ."

"ಯಾಕಮ್ಮ ಈಗ ಕೆಲ್ಸ ಕಲಿತ್ಲು," ಎಂದ ಅಟೆಂಡರ್, ಸ್ಟೂಲಿನ ಮೇಲೆ ಕೂತು.

ಸದ್ದಿಗೆ ಮೇಡಂ ತಮ್ಮ ಕೋಣೆಯಿಂದ ಬಂದರು. ಹುಡುಗಿಯ ಮೇಜಿನ ಮೇಲೆ ಹಾಗೇ ಬಿದ್ದಿದ್ದ ಹಾಳೆ ಎತ್ತಿಕೊಂಡರು; ಇನ್ನೊಂದು ಕೈಯಲ್ಲಿ ಪೆನ್ನು. ಹುಡುಗಿ ನಿಂತಲ್ಲಿಂದಲೇ ಎಲ್ಲ ಹೇಳಿದಳು: ಗೇಟು, ಚೀಟಿ, ಬೆಂಚು, ತಾನೆಳೆದ ಗೆರೆ. ಮೇಡಂ ಪೂರ್ತಿ ಕೇಳಿಸಿಕೊಂಡರು. ಅವರ ಕಣ್ಣ ಕೆಳಗೆ ಇಡೀ ವಾರದ ಆಯಾಸವಿತ್ತು.

"ಇರಬಹುದಮ್ಮ. ಆದ್ರೆ ಪಟ್ಟಿಲಿ ಇನ್ನೂ ಅರವತ್ತು ಜನ ಕಾಯ್ತಿದಾರೆ. ಪುಸ್ತಕದಲ್ಲಿ ಬರೆದದ್ದನ್ನ ಮೇಲಿನ ಆಫೀಸಿಗೆ ಆಗ್ಲೇ ಕಳಿಸಾಗಿದೆ. ಇವರು ಹೊಸದಾಗಿ ಹೆಸರು ಬರೆಸ್ಲಿ, ಆರು ತಿಂಗಳಲ್ಲಿ ಸರದಿ ಬರುತ್ತೆ."

"ಅಲ್ಲೀವರೆಗೆ ಮಾತ್ರೆ?"

"ಫೈಲು ಮುಚ್ಚಿದ್ಮೇಲೆ ಕಿಟಕೀಲಿ ಕೊಡಲ್ಲ. ನಿನಗೂ ಗೊತ್ತು."

ಹೆಂಗಸಿನ ಕೈಯಲ್ಲಿ ಬಟ್ಟೆ ಸ್ವಲ್ಪ ಜೋಲಿತು.

"ಬಾ, ಸಹಿ ಹಾಕು," ಎಂದರು ಮೇಡಂ. ದನಿ ಗಡುಸಾಗಿರಲಿಲ್ಲ. "ಮುಂದಿನ ತಿಂಗಳು ನಿನ್ನ ಪುಸ್ತಕಕ್ಕೆ ನಾನು ಹಾಕ್ಬೇಕಲ್ಲ."

ಅವರು ಚಾಚಿದ ಪೆನ್ನು ಹುಡುಗಿಯ ಮೊಣಕೈಗೆ ತಾಗುವಷ್ಟು ಹತ್ತಿರ ಬಂತು. ಅವಳು ಅದನ್ನು ನೋಡಿದಳು. ಎದುರಿಗಿದ್ದವಳನ್ನು ನೋಡಿದಳು. ಹೆಬ್ಬೆರಳು ಒಳಗೇ ಇತ್ತು.

"ಇಲ್ಲ ಮೇಡಂ. ಹಾಕಲ್ಲ."

ಬಟ್ಟೆಯನ್ನು ಎಳೆದು ಹಿಡಿದಳು. ಆ ಕಡೆಯಿಂದ ಹೆಂಗಸು ತನ್ನ ಎರಡು ಮೂಲೆಗಳನ್ನು ಎತ್ತಿಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಹತ್ತಿರ ಬಂದಳು. ಒಂದು ಮಾರು ದೂರವಿರುವಾಗ ಕೈ ನಿಂತಿತು. ಹುಡುಗಿ ಅಲುಗಾಡದೆ ಕಾದಳು.