ಎರವಲು ಜೇನು

ಮಣ್ಣು ಮಾಡಲು ಬಂದಿದ್ದ ನೆಂಟರೆಲ್ಲ ಹೋಗಿ, ಮನೆಯಲ್ಲಿ ಮತ್ತೆ ನಾವಷ್ಟೇ ಉಳಿದ ಮೊದಲ ಬೆಳಗು. ಅತ್ತೆ ಸುಶೀಲವ್ವ ಒಳಗಿನಿಂದ ಕೂಗಿದರು: “ಚಾ ಇಡು. ಸಕ್ಕರಿ ಸುರೀಬ್ಯಾಡ, ಕುಡಿಯೋರು ಒಬ್ರು ಕಡಿಮಿ ಆಗ್ಯಾರ.”

ಚಹಾ ಕೊಟ್ಟು ಮನೆಯ ಹಿಂದಿನ ಸೌತೆ ಹೊಲಕ್ಕೆ ಹೋದೆ. ನುಗ್ಗೆ ಗಿಡದ ಕೆಳಗೆ ಜೇನುಪೆಟ್ಟಿಗೆ ಇತ್ತು. ನನ್ನ ಗಂಡ ಲೋಹಿತ ಯಲವಿಗಿಯಲ್ಲಿ ಜೇನು ಸಾಕುವ ಮಜೀದನಿಂದ ಎರವಲು ತಂದದ್ದು. ಹೋದ ವರ್ಷ ಮೈದುನ ಮಾಲತೇಶ ಬದುವಿಗೆಲ್ಲ ಕಳೆಯೌಷಧಿ ಹೊಡೆದಿದ್ದ. ತುಂಬೆ, ಉತ್ತರಾಣಿ ಒಣಗಿದವು. ಅವುಗಳ ಜೊತೆ ಜೇನುಹುಳುಗಳೂ ಹೋದವು. ಬಳ್ಳಿ ತುಂಬ ಹೂ, ಕಾಯಿ ಇಲ್ಲ. ಬೀಜ ಖೊಟ್ಟಿ ಎಂದ ಮಾಲತೇಶ. ಅತ್ತೆ ಮಕ್ಕಳಾಗದ ನನ್ನ ಕಡೆ ನೋಡಿ, “ಮನಿಯಾಗೂ ಹಂಗ, ಹೊಲದಾಗೂ ಹಂಗ,” ಎಂದರು. ಈ ಸಲ ಲೋಹಿತ ಪೆಟ್ಟಿಗೆ ತಂದ. ಆಮೇಲೆ ಬಂಕಾಪುರದ ಹತ್ತಿರ ಅವನ ಬೈಕಿನ ಮೇಲೆ ಲಾರಿ ಹಾಯಿತು.

ಪೆಟ್ಟಿಗೆಯ ಬಾಗಿಲಿಗೆ ದೊಡ್ಡ ಕಣಜದ ಹುಳುವೊಂದು ಬಂತು. ಒಂದು ಜೇನನ್ನು ಹಿಡಿಯಿತು. ಉಳಿದವು ಅದರ ಮೇಲೆ ಬಿದ್ದು ಉಂಡೆಯಾದವು. ಕುಟುಕುವುದಿಲ್ಲ. ಒತ್ತಿ ನಿಂತು ಮೈ ನಡುಗಿಸಿ ಕಾವು ಏರಿಸುತ್ತವೆ. ಜೇನು ತಾಳುವ ಕಾವಿಗಿಂತ ಕಣಜ ಸಾಯುವ ಕಾವು ತುಸುವೇ ಕಡಿಮೆ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಇದನ್ನು ಪರೀಕ್ಷೆಯಲ್ಲಿ ಬರೆದಿದ್ದೆ. ಉಂಡೆ ಬಿಚ್ಚಿಕೊಂಡಾಗ ಕಣಜ ಮುದುಡಿ ಬಿತ್ತು. ಒಂದೆರಡು ಜೇನೂ ಏಳಲಿಲ್ಲ.

ಮಧ್ಯಾಹ್ನ ಅತ್ತೆ, ಮಾಲತೇಶ, ಅವನ ಹೆಂಡತಿ ಸುಧಾರಾಣಿ ನನ್ನ ಸುತ್ತ ಮೊಣಕಾಲು ತಾಗುವಂತೆ ಕುಳಿತರು. ಯಾರೂ ದನಿ ಏರಿಸಲಿಲ್ಲ.

“ಅಕ್ಕಾ, ಹಂಸಭಾವಿಗೆ ಹೋಗಿ ನಾಕ ದಿನ ನಿಮ್ಮವ್ವನ ಹಂತೇಕ ಇರ್ರಿ,” ಎಂದಳು ಸುಧಾರಾಣಿ.

“ನಾಕ ದಿನ ಯಾಕ? ಅಲ್ಲೇ ಇರಲಿ. ಇಲ್ಲಿ ಆಕೀದು ಏನೈತಿ?” ಎಂದರು ಅತ್ತೆ.

“ಅವರ ಪಾಲಿನ ಹೊಲ?” ಎಂದೆ.

“ನಾ ನೋಡ್ಕೋತೇನಿ ವೈನಿ,” ಎಂದ ಮಾಲತೇಶ. “ಈ ಸಲ ಬೀಜ ಚಲೋ ಅದಾವ. ಕಾಯಿ ಹಿಡ್ಯಾಕತ್ತಾವ.”

ಸುಧಾರಾಣಿ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು. ನನ್ನ ಸೀರೆಗಳ ಗಂಟು ಆಗಲೇ ಬಾಗಿಲಲ್ಲಿತ್ತು.

“ಆ ಹುಳದ ಪೆಟ್ಟಿಗೀನೂ ಒಯ್ರಿ ಅಕ್ಕಾ. ಕಡೀತಾವ.”

“ಒಯ್ತೇನಿ,” ಎಂದೆ.

ಸಂಜೆ ಹುಳುಗಳು ಒಳಸೇರಿದ ಮೇಲೆ ಪೆಟ್ಟಿಗೆಯ ಬಾಗಿಲಿಗೆ ಬಟ್ಟೆ ತುರುಕಿ, ಗೂಡ್ಸ್ ಆಟೋದಲ್ಲಿ ಯಲವಿಗಿಗೆ ಒಯ್ದೆ. ಮಜೀದ ಪೆಟ್ಟಿಗೆಗೆ ಕಿವಿ ಹಚ್ಚಿದ.

“ಅದಾವ್ರಿ. ಆದ್ರ ಈಗ್ಯಾಕ ತಂದ್ರಿ ಅಕ್ಕಾರ? ಹೂವಿನ ಟೈಮು. ಹುಳ ಇಲ್ದ ಕಾಯಿ ಹಿಡಿಯೂದಿಲ್ಲ. ಮನ್ಯಾಗಿನೋರಿಗೆ ಗೊತ್ತಿಲ್ಲೇನು?”

“ಕಡೀತಾವ ಅಂದ್ರು,” ಎಂದು ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟೆ.